ಬೆಳಕಿನ ಉಪವಾಸ

ನವೆಂಬರ್ ೧೩, ಗುರುವಾರ

ಇಂದು ಉಪವಾಸ. ನೀರು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಕಸ ಗುಡಿಸಿದೆ, ನೆಲ ಒರೆಸಿದೆ. ಮಗನ ಬಟ್ಟೆಗೆ ಹತ್ತಿದ ಡಿಪೋ ಗ್ರೀಸು ಬಿಸಿನೀರಿಗೂ ಬಿಡಲಿಲ್ಲ, ಸೋಪು ಹಚ್ಚಿ ನೆನೆಹಾಕಿದ್ದೇನೆ. ಬುತ್ತಿ ಕಟ್ಟಿ ಅವನನ್ನು ಕಳಿಸಿದ ಮೇಲೆ ಆ ಪೆಟ್ಟಿಗೆಗೆ ಒಂದು ಚೊಂಬು ಸಿಹಿನೀರು ಹೊಯ್ದೆ. ಉಪ್ಪುನೀರು ಹೊಯ್ಯಬಾರದಂತೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದಂತೆ. ಮಗನ ಹೆಂಡತಿ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಇದನ್ನು ಅವನಿಗೆ ಹೇಳಿ ಹೇಳಿ ಹೋದಳಂತೆ. ಬೆನ್ನುಮೂಳೆ ಮುರಿದ ಹೊತ್ತಿನಲ್ಲಿ ನೆನಪಾದದ್ದು ಇದು!

ಹಗಲೆಲ್ಲ ಈ ಮನೆಯಲ್ಲಿ ಮಾತಿಗೆ ಜನ ಇಲ್ಲ. ಅದಕ್ಕೇ ಬರೆಯಲು ಕೂತೆ. ನನ್ನ ಅಕ್ಷರ ನನಗೇ ಓದಲು ಕಷ್ಟ, ಬೇರೆಯವರು ಓದಿಯಾರೆಂಬ ಭಯ ಇಲ್ಲ.

ಪೆಟ್ಟಿಗೆ ಅಂದೆನಲ್ಲ, ಅದು ನಡುಮನೆಯಲ್ಲಿ ಮಂಚದಷ್ಟು ಉದ್ದಕ್ಕೆ ಕೂತಿರುವ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಮರಳು, ಕಲ್ಲು, ಒಂದಿಷ್ಟು ಮೀನು, ಹವಳ ಅಂತ ಕರೆಯುವ ಬಣ್ಣಬಣ್ಣದ ಏನೇನೋ. ಮೇಲೆ ದೊಡ್ಡ ದೀಪ, ಕೆಳಗೆ ಎರಡು ಪಂಪು, ಪಕ್ಕದಲ್ಲಿ ನೀರು ಕಾಯಿಸುವ ಹೀಟರು. ಅವಳು ಸಾಕಿಕೊಂಡ ಸಮುದ್ರ ಇದು. ನಾನು ಸಮುದ್ರ ನೋಡಿದವಳಲ್ಲ. ನೋಡದೇ ಐವತ್ತು ವರ್ಷ ಕಳೆದಿದೆ, ಏನೂ ಕಡಿಮೆಯಾಗಿಲ್ಲ.

ಅವಳು ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಅಂಚಿನಲ್ಲಿ ಜಾರಿ ಬಿದ್ದಳು. ಇಷ್ಟು ವರ್ಷ ನೀರು ಏನೂ ಮಾಡಲಿಲ್ಲ, ದಡ ಮಾಡಿತು. ಈಗ ಬೇರೆ ಊರಿನ ದೊಡ್ಡಾಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಾಳೆ, ಇನ್ನೂ ಎರಡು ಮೂರು ತಿಂಗಳು ಹಾಗೇ ಇರಬೇಕಂತೆ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಭಾನುವಾರ ರಜೆ, ಅಂದು ರೈಲು ಹತ್ತಿ ಹೋಗಿ ಅವಳನ್ನು ನೋಡಿಕೊಂಡು ಬರುತ್ತಾನೆ. ನಾನು ಊರಿಂದ ಬಂದದ್ದು ಅವನಿಗೆ ಬೇಯಿಸಿ ಹಾಕಲು. ಕೋಳಿಗಳನ್ನು ತಂಗಿಗೆ ಒಪ್ಪಿಸಿ ಬಂದಿದ್ದೇನೆ. ಈ ತಿಂಗಳು ಮುಗಿದ ಕೂಡಲೇ ಹೊರಡಬೇಕು.

ಸಂಜೆ ಮಗ ಕರೆಂಟ್ ಬಿಲ್ ಹಿಡಿದು ಒಳಗೆ ಬಂದ.

"ನೋಡಮ್ಮಾ. ನಮ್ಮಿಬ್ಬರಿಗಿಂತ ಈ ಮೀನುಗಳೇ ಜಾಸ್ತಿ ತಿಂದಿವೆ."

"ಮೀನು ಎಲ್ಲಾದ್ರೂ ಕರೆಂಟ್ ತಿನ್ನುತ್ತೇನೋ?"

"ಇವು ತಿನ್ನುತ್ವೆ. ಅವಳ ಸಂಬಳ ನಿಂತಿದೆ, ಆಸ್ಪತ್ರೆ ಖರ್ಚು ನಿಂತಿಲ್ಲ. ಮುಂದಿನ ಬಿಲ್ ಅರ್ಧಕ್ಕೆ ಇಳೀಲಿಲ್ಲ ಅಂದ್ರೆ ಸಾಕೋ ಮೀನು ಮಾರೋ ಮೀನಂಗಡಿಯವನಿಗೆ ಎಲ್ಲಾ ಕೊಟ್ಟುಬಿಡ್ತೀನಿ. ಅವಳಿಗೆ ಹೇಳ್ಬೇಡ."

ಕೊಡು, ಪೀಡೆ ಕಳೀಲಿ ಅಂತ ಬಾಯಿಗೆ ಬಂತು. ಉಪವಾಸದ ದಿನ ಬಿರುಸು ಮಾತು ಬೇಡವೆಂದು ನುಂಗಿಕೊಂಡೆ. ಇಂದು ಹೊಟ್ಟೆಗೆ ಬಿದ್ದದ್ದು ಅದೊಂದೇ.

ನವೆಂಬರ್ ೧೬, ಭಾನುವಾರ

ಫೋನಿನಲ್ಲಿ ನನಗೂ ಅವಳಿಗೂ ಮಾತು ಹುಟ್ಟುವುದಿಲ್ಲ. ಊಟ ಆಯ್ತಾ ಅಂದರೆ ಆಯ್ತು ಅತ್ತೆ. ನೋವು ಹೇಗಿದೆ ಅಂದರೆ ಪರವಾಗಿಲ್ಲ ಅತ್ತೆ. ಆಮೇಲೆ ಇಬ್ಬರೂ ಸುಮ್ಮನೆ ಫೋನು ಹಿಡಿದುಕೊಂಡಿರುತ್ತೇವೆ. ಮದುವೆಯಾದಾಗಿನಿಂದ ಹೀಗೇ. ಅದಕ್ಕೆ ಇಂದು ಮಗನ ಕೈಲಿ ಒಂದು ಚೀಟಿ ಕಳಿಸಿದೆ. ಪೆಟ್ಟಿಗೆಯ ಕೆಲಸ ಏನೇನು ಅಂತ ನನಗೆ ತಿಳಿಯುವ ಹಾಗೆ ಬರೆ ಎಂದು ಕೇಳಿದ್ದೆ.

ಸಂಜೆ ಉತ್ತರ ಬಂತು, ಪೆನ್ಸಿಲಿನಲ್ಲಿ. ಮಲಗಿದವರು ಮೇಲ್ಮುಖವಾಗಿ ಹಿಡಿದರೆ ಪೆನ್ನಿನಿಂದ ಶಾಯಿ ಇಳಿಯುವುದಿಲ್ಲವಂತೆ. ಮುಖದ ಮೇಲೆ ರಟ್ಟು ಎತ್ತಿ ಹಿಡಿದು ಬರೆದಿದ್ದಾಳೆ, ಸಾಲುಗಳು ದಾರಿ ತಪ್ಪಿದ ಇರುವೆಗಳ ಹಾಗೆ ಅತ್ತಿತ್ತ ಹೋಗಿವೆ. ನಡುವೆ ನಿಂತಿರುವ ನೇರಳೆ ಕವಲು ಹವಳ ಹೇಗಿದೆ ಎಂದು ಎರಡು ಸಲ ಕೇಳಿದ್ದಾಳೆ. ಮದುವೆಯ ವರ್ಷ ಉಗುರಿನಷ್ಟು ಚೂರು ತಂದು ಅಂಟಿಸಿದ್ದಂತೆ, ಈಗ ಎರಡು ಕೈ ಬೊಗಸೆಯಷ್ಟಾಗಿದೆ. ಕೊನೆಯಲ್ಲಿ ಬರೆದಿದ್ದಾಳೆ: "ನಾಳೆ ಊಟ ಹಾಕುವಾಗ ಎಡಮೂಲೆಯ ಕಂದು ಕಲ್ಲಿನ ಹತ್ತಿರ ಮುಖ ಇಟ್ಟು ನೋಡಿ ಅತ್ತೆ. ಅವಸರ ಮಾಡಬೇಡಿ, ಸುಮ್ಮನೆ ನೋಡಿ."

ನನಗೇನು ಬೇರೆ ಕೆಲಸ ಇಲ್ಲವೇ?

ನವೆಂಬರ್ ೧೭, ಸೋಮವಾರ

ನೋಡಿದೆ.

ಕಲ್ಲಲ್ಲ ಅದು. ಪುಡಿ ಊಟ ನೀರಿಗೆ ಬಿಟ್ಟು ಕಾದೆ. ಮೊದಲು ಏನೂ ಇಲ್ಲ. ಆಮೇಲೆ ಆ ಕಂದು ಗುಂಡಿನ ಮೈಮೇಲೆಲ್ಲ ಎಳ್ಳಿನಷ್ಟು ಚುಕ್ಕೆಗಳು ಉಬ್ಬಿದವು. ಒಂದೊಂದೂ ಬಿರಿಯಿತು. ಒಂದೊಂದರ ಸುತ್ತಲೂ ಕೂದಲಿಗಿಂತ ಸಣ್ಣ ಬೆರಳುಗಳು, ನಡುವೆ ಬಾಯಿ. ತೇಲಿ ಬಂದ ಪುಡಿಯನ್ನು ಆ ಬೆರಳುಗಳು ತಡೆದು ಹಿಡಿದು, ಮಗು ಬಾಯಿಗೆ ಕೈ ಹಾಕಿಕೊಳ್ಳುವ ಹಾಗೆ ಒಳಗೆ ಹಾಕಿಕೊಂಡವು.

ಎಷ್ಟು ಬಾಯಿ! ಒಂದು ಮುಷ್ಟಿ ಕಲ್ಲಿಗೆ ಇಡೀ ಊರಿನಷ್ಟು ಬಾಯಿ. ಪ್ರತಿ ಬಾಯಿಗೂ ಅಳತೆ ನೋಡಿ ಬೆರಳು ಹಚ್ಚಿ ಕೂರಿಸಿದವನು ಒಬ್ಬನಿದ್ದಾನೆ. ಸಮುದ್ರದ ತಳದಲ್ಲಿ ಯಾರು ನೋಡುತ್ತಾರೆಂದು ಹಚ್ಚಿದನೋ! ಸೊಂಟ ಹಿಡಿದುಕೊಂಡು ನಿಂತೇ ಇದ್ದೆ. ಅನ್ನ ತಳ ಹಿಡಿಯಿತು. ಮಗ ತಟ್ಟೆ ನೋಡಿದ, ನನ್ನನ್ನು ನೋಡಿದ, ಉಂಡ.

ಇಷ್ಟು ಬಾಯಿಗಳ ಅನ್ನ ಕಿತ್ತು ಅಂಗಡಿಗೆ ಕಳಿಸುವುದೇ? ಬಿಲ್ಲು ಹೇಗೆ ಇಳಿಸುವುದೆಂದು ನೋಡಬೇಕು.

ನವೆಂಬರ್ ೧೯, ಬುಧವಾರ

ಕೆಳಗೆ ಮೆಟ್ಟಿಲ ಬಳಿ ದರ್ಜಿಯಮ್ಮನ ಬಾಗಿಲ ಪಕ್ಕದಲ್ಲಿ ನಮ್ಮ ಮೀಟರು ಇದೆ. ಅದರಲ್ಲಿ ಒಂದು ಕೆಂಪು ದೀಪ ಮಿಣಮಿಣ ಅನ್ನುತ್ತದೆ. ಕರೆಂಟು ಹೆಚ್ಚು ಉರಿದರೆ ಬೇಗ ಬೇಗ ಮಿಣುಕುತ್ತದೆ, ಕಡಿಮೆಯಾದರೆ ನಿಧಾನ. ಅದನ್ನೇ ನೋಡುತ್ತಾ ನಿಂತಿದ್ದೆ.

ದರ್ಜಿಯಮ್ಮ ಕತ್ತಿಗೆ ಟೇಪು ಹಾಕಿಕೊಂಡು ಹೊರಗೆ ಬಂದಳು. "ಏನಮ್ಮಾ, ಮೀಟರಿಗೂ ಪ್ರಾರ್ಥನೆ ಶುರು ಮಾಡಿದ್ರಾ?"

"ನಾಡಿ ನೋಡ್ತಿದ್ದೀನಮ್ಮಾ."

"ಬದುಕುತ್ತಾ?"

"ಜ್ವರ ಜಾಸ್ತಿ ಇದೆ."

ಅವಳಿಗೆ ವಿಷಯ ಹೇಳಿದೆ. ಹೊಲಿಗೆ ಬಿಟ್ಟು ಅವಳೇ ಮೀಟರಿನ ಮುಂದೆ ನಿಂತಳು. ನಾನು ಮೇಲೆ ಹೋಗಿ ಒಂದೊಂದೇ ಪ್ಲಗ್ಗು ಒಂದು ಗಳಿಗೆ ಕಿತ್ತು ಕೂಗಿ ಕೇಳಿದೆ.

"ಈಗ?"

"ಓಡ್ತಾನೇ ಇದೆ!"

"ಈಗ?"

"ಸ್ವಲ್ಪ ನಡೀತಿದೆ!"

ಹೀಟರು ಕಿತ್ತೆ.

"ಅಯ್ಯಯ್ಯೋ, ಕೂತೇಬಿಡ್ತು!"

ಹಾಗಾಗಿ ಹೊಟ್ಟೆಬಾಕ ಯಾರೆಂದು ತಿಳಿಯಿತು. ಮೊದಲು ಹೀಟರು, ಆಮೇಲೆ ದೊಡ್ಡ ದೀಪ, ಆಮೇಲೆ ಪಂಪುಗಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕೆವು. ಈ ಊರಿಗೆ ಬಂದ ಮೇಲೆ ನಾನು ಹೀಗೆ ನಕ್ಕಿರಲಿಲ್ಲ.

ನವೆಂಬರ್ ೨೦, ಗುರುವಾರ

ಉಪವಾಸ.

ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಒಂದು ಯೋಚನೆ ಬಂತು. ದೇವರೇ ಕೊಟ್ಟನೆಂದು ಹಿಗ್ಗಿದೆ. ವಾರಕ್ಕೊಂದು ದಿನ ಊಟ ಬಿಟ್ಟರೆ ನನ್ನ ಮೈ ಹಗುರಾಗುತ್ತದೆ, ಪೆಟ್ಟಿಗೆಯೂ ಒಂದು ದಿನ ಬಿಟ್ಟರೆ ಬಿಲ್ಲು ಹಗುರಾಗಬಾರದೇಕೆ? ಎಲ್ಲ ಸ್ವಿಚ್ಚೂ ಆರಿಸಿದೆ. ಎಂದೂ ನಿಲ್ಲದ ಗುಂಯ್ ಸದ್ದು ನಿಂತು ಮನೆ ಸುಮ್ಮನಾಯಿತು. ಆಹಾ, ಪ್ರಾರ್ಥನೆಗೆ ಎಷ್ಟು ಚೆನ್ನಾಗಿದೆ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಹಸಿವೆ ಇರಬೇಕು, ನನಗೂ ಹಾಗೇ ಆಗುತ್ತದಲ್ಲ ಎಂದು ಸುಮ್ಮನಾದೆ. ಆಮೇಲೆ ಹಳದಿ ಮೀನು ಮಗ್ಗುಲಾಗಿ ತೇಲಿತು. ಹವಳಗಳು ಮೈ ಒಳಗೆಳೆದುಕೊಂಡು ಕುಗ್ಗಿಹೋಗಿದ್ದವು. ಆಗ ಹೊಳೆಯಿತು. ಅವು ಊಟ ಕೇಳುತ್ತಿಲ್ಲ, ಉಸಿರು ಕೇಳುತ್ತಿವೆ.

ಸ್ವಿಚ್ಚು ಹಾಕಿದೆ. ಪಂಪುಗಳು ಗೊಣಗಿದವು, ನೀರು ಎತ್ತಲಿಲ್ಲ. ಏನು ಮಾಡಲಿ? ಸುಡುವ ಹಾಲನ್ನು ಆರಿಸಲು ಎತ್ತಿ ಹೊಯ್ಯುತ್ತೇವಲ್ಲ, ಹಾಗೆ ಚೊಂಬಿನಲ್ಲಿ ಅದೇ ನೀರು ಮೊಗೆದು ಎತ್ತರದಿಂದ ಹೊಯ್ದೆ. ಹೊಯ್ದ ಕಡೆ ಗುಳ್ಳೆ ಏಳುತ್ತಿತ್ತು. ಮೀನುಗಳು ಆ ಗುಳ್ಳೆಯ ಕೆಳಗೆ ಬಂದು ಸೇರಿಕೊಂಡವು. ಕೈ ಸೋತಾಗ ದರ್ಜಿಯಮ್ಮನನ್ನು ಕೂಗಿದೆ. ಅವಳೊಂದು ಚೊಂಬು, ನಾನೊಂದು ಚೊಂಬು. ಬಾಯಲ್ಲಿ ದೇವರ ಹೆಸರು ಬಿಟ್ಟು ಬೇರೆ ಇಲ್ಲ. ಸಂಜೆ ಮಗ ಬರುವವರೆಗೂ ಹೊಯ್ದೆವು.

ಅವನು ಬಂದವನೇ ಪಂಪು ಬಿಚ್ಚಿದ. ಒಳಗಿನ ಸಣ್ಣ ಚಕ್ರಕ್ಕೆ ಸುಣ್ಣ ಕಟ್ಟಿ ಗಡುಸಾಗಿತ್ತು. ಎರಡನ್ನೂ ವಿನೆಗರಿನಲ್ಲಿ ನೆನೆಸಿ ಉಜ್ಜಿ ಹಾಕಿದ. ನೀರು ಭೋರೆಂದು ಬಂತು.

"ಇದೇನಮ್ಮಾ, ಒಂದೇ ಪಂಪು ಎರಡರಷ್ಟು ದಬ್ಬುತ್ತಿದೆ! ಇನ್ನೊಂದು ಬೇಕಾಗೇ ಇಲ್ಲ." ಆಮೇಲೆ ನನ್ನ ತೊಯ್ದ ಸೆರಗು ನೋಡಿದ. "ಇಷ್ಟೊತ್ತು ಇವಕ್ಕೆ ಉಸಿರು ಕೊಟ್ಟಿದ್ದು ಯಾರು?"

ದರ್ಜಿಯಮ್ಮ ತನ್ನ ಚೊಂಬು ಎತ್ತಿ ತೋರಿಸಿದಳು. ಹಳದಿ ಮೀನು ಏಳಲಿಲ್ಲ.

ನವೆಂಬರ್ ೨೩, ಭಾನುವಾರ

ನಡೆದದ್ದನ್ನೆಲ್ಲ ಬರೆದು ಕಳಿಸಿದ್ದೆ, ಹಳದಿ ಮೀನು ನನ್ನ ಕೈಯಿಂದ ಹೋಯಿತೆಂದೂ. ಉತ್ತರ ಓದಲು ಧೈರ್ಯ ಇರಲಿಲ್ಲ, ಪಾತ್ರೆ ತೊಳೆದ ಮೇಲೆ ಓದಿದೆ.

"ಅತ್ತೆ, ಅದಕ್ಕೆ ವಯಸ್ಸಾಗಿತ್ತು ಅಂತ ನಿಮಗೆ ಸಮಾಧಾನ ಹೇಳಲಾರೆ, ಆಗಿರಲಿಲ್ಲ. ಆದರೆ ನೀವು ಮುಚ್ಚಿಡಲಿಲ್ಲ. ನೀವೊಬ್ಬರು ಅಲ್ಲಿರುವಾಗ ಅಲ್ಲಿಂದ ಬರುವ ಸುದ್ದಿ ನಿಜವಾಗಿರುತ್ತದೆ ಅಂತ ಈಗ ನಿದ್ದೆ ಬರುತ್ತದೆ. ನೋಡಿ, ಬೆಳಕು ಅವಕ್ಕೆ ಊಟ. ನೀರಿನ ಓಟ ಉಸಿರು. ಹೀಟರು ಹೊದಿಕೆ. ಊಟಕ್ಕೆ ಒಂದು ದಿನ ಉಪವಾಸ ಮಾಡಿಸಬಹುದು, ತಡೆಯುತ್ತವೆ. ಉಸಿರಿಗೆ ಬೇಡ. ಗುರುವಾರ ದೀಪ ಹಚ್ಚಬೇಡಿ. ನಿಮ್ಮ ಜೊತೆ ಅವೂ ಇರಲಿ. ಅದು ಸರಿ, ಇದ್ದಕ್ಕಿದ್ದ ಹಾಗೆ ಯಾಕೆ ಉಪವಾಸ? ಬಿಲ್ಲಿನ ಮಾತು ಬಂತಾ?"

ಕೊನೆಯ ಸಾಲಿಗೆ ಏನು ಬರೆಯಲಿ? ಮಗ ಬೇಡ ಅಂದಿದ್ದಾನೆ. ಕೇಳಿದವರ ಮುಂದೆ ಸುಮ್ಮನಿರುವುದು ಸುಳ್ಳಿನ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. ಗೋಡೆ ಒಂದೇ.

ನವೆಂಬರ್ ೨೭, ಗುರುವಾರ

ನಾನೂ ಉಪವಾಸ, ಅವೂ ಉಪವಾಸ. ದೀಪ ಹಚ್ಚಲಿಲ್ಲ. ನೀರು ಮಾತ್ರ ಓಡುತ್ತಿತ್ತು.

ಕಿಟಕಿಯಿಂದ ಬಂದ ಮಂದ ಬೆಳಕಿನಲ್ಲಿ ಕೂತು ಪ್ರಾರ್ಥನೆ ಮಾಡಿದೆ. ಕಣ್ಣು ಬಿಟ್ಟಾಗ ಅದು ಬೇರೆಯೇ ಲೋಕವಾಗಿತ್ತು. ದೀಪವಿದ್ದಾಗ ಕಾಣದವರೆಲ್ಲ ಹೊರಗೆ ಬಂದಿದ್ದರು. ಕಲ್ಲಿನ ಸಂದಿನಿಂದ ದಾರದಂಥ ತೋಳುಗಳು ಚಾಚಿ ಮರಳು ತಡಕಾಡುತ್ತಿದ್ದವು. ಒಂದು ಕೊಳವೆಯಿಂದ ಹುಳುವೊಂದು ಬೀಸಣಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ನನ್ನ ನೆರಳು ಬಿದ್ದದ್ದೇ ತಡ, ಪಟ್ಟನೆ ಒಳಗೆ! ನಾಚಿಕೆಯ ಹೆಣ್ಣು. ಗಾಜಿಗೆ ಅಂಟಿಕೊಂಡು ಸಾಸಿವೆಯಷ್ಟು ಶಂಖಗಳು ನಡೆಯುತ್ತಿದ್ದವು. ಒಂದೊಂದರ ಬೆನ್ನಿಗೂ ಸುರುಳಿ, ಎಲ್ಲದರದ್ದೂ ಒಂದೇ ಕಡೆಗೆ. ಅಷ್ಟು ಸಣ್ಣದರಲ್ಲೂ ಕೈ ತಪ್ಪಿಲ್ಲ ಅವನದು.

ಇದನ್ನು ಇಲ್ಲಿಯವರೆಗೆ ತೋರಿಸದೆ ಇಟ್ಟಿದ್ದನಲ್ಲ ಎಂದು ಅನ್ನಿಸಿತು. ಕಣ್ಣು ಒದ್ದೆಯಾಯಿತು, ಉಪವಾಸದ ನಿಶ್ಶಕ್ತಿ ಇರಬೇಕು.

ಡಿಸೆಂಬರ್ ೨, ಮಂಗಳವಾರ

ಚಳಿ ಜೋರಾಗಿದೆ. ಹೀಟರು ಆರುವುದೇ ಇಲ್ಲ. ನಮಗೆ ಚಳಿಯಾದರೆ ಒಲೆ ದೊಡ್ಡದು ಮಾಡುತ್ತೇವಾ, ಹೊದಿಕೆ ಎಳೆದುಕೊಳ್ಳುತ್ತೇವಾ? ಟಿವಿ ಅಂಗಡಿಯ ಹಿಂದೆ ಬಿಸಾಡಿದ್ದ ಥರ್ಮೊಕೋಲ್ ಹಲಗೆಗಳನ್ನು ದರ್ಜಿಯಮ್ಮ ಹೊತ್ತು ತಂದಳು. ಹಿಂದೆ ಮತ್ತು ಎರಡು ಪಕ್ಕಕ್ಕೆ ಅಳತೆಗೆ ಕತ್ತರಿಸಿ ಕಟ್ಟಿದೆವು. ಅವಳ ಟೇಪಿಗೆ ತೊಟ್ಟಿಯೂ ಒಂದೇ, ಗಿರಾಕಿಯ ಸೊಂಟವೂ ಒಂದೇ. ಮೇಲೆ ಗಾಜಿನ ಮುಚ್ಚಳ ಇಟ್ಟು ಗಾಳಿಗೆ ಸಂದು ಬಿಟ್ಟೆ. ಸಂಜೆಗೆ ಮೀಟರಿನ ಕಣ್ಣು ನಿದ್ದೆ ಬಂದವರ ಹಾಗೆ ಮಿಣುಕುತ್ತಿತ್ತು.

ದೀಪದ ಗಾಜಿಗೆ ಉಪ್ಪಿನ ಹೊಟ್ಟು ಕಟ್ಟಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಬ್ಬ, ಎಂಥ ಬೆಳಕು! ಹವಳಗಳು ಕಣ್ಣು ಕುಕ್ಕಿದವರ ಹಾಗೆ ಮುದುಡಿದವು. ಮಗ ದೀಪದ ತಿರುಗಣೆ ತಿರುಗಿಸಿ ತಗ್ಗಿಸಿದ. ಇಷ್ಟು ದಿನ ಕೊಳೆಗೂ ಸೇರಿಸಿ ಕರೆಂಟಿನ ದುಡ್ಡು ಕಟ್ಟುತ್ತಿದ್ದೆವು.

ತಂಗಿ ಫೋನು ಮಾಡಿ ಯಾವಾಗ ಬರ್ತೀಯ ಅಂದಳು. ನೀರು ಬದಲಾಯಿಸೋದಿದೆ, ಆಮೇಲೆ ನೋಡೋಣ ಅಂದೆ.

ಡಿಸೆಂಬರ್ ೭, ಭಾನುವಾರ

ಇಂದಿನ ಚೀಟಿಯನ್ನು ಮೂರು ಸಲ ಓದಿದೆ. ಬೆಳಕು ಅವಕ್ಕೆ ಊಟ ಹೇಗಾಗುತ್ತದೆಂದು ಕೇಳಿದ್ದೆ. ಹವಳದ ಚರ್ಮದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಗಳು ವಾಸ ಮಾಡುತ್ತವಂತೆ. ಅವು ಎಲೆಯ ಹಾಗೆ ಬೆಳಕಿನಿಂದ ಅಡುಗೆ ಮಾಡಿಕೊಳ್ಳುತ್ತವೆ, ಮಾಡಿದ್ದರಲ್ಲಿ ಬಹುಪಾಲು ಮನೆಕೊಟ್ಟ ಹವಳಕ್ಕೇ ಬಡಿಸುತ್ತವೆ. ನೀರು ತೀರಾ ಬಿಸಿಯಾಗಿ ಹವಳ ಸಂಕಟಪಟ್ಟರೆ ಒಳಗಿನವರನ್ನು ಹೊರಗೆ ಹಾಕುತ್ತದಂತೆ. ಆಮೇಲೆ ಬಿಳಿಚಿಕೊಳ್ಳುತ್ತದೆ. ಬಣ್ಣವೆಲ್ಲ ಬಹುಪಾಲು ಆ ಒಳಗಿನವರಿಂದ ಬಂದದ್ದು.

ಒಂದರ ಮೈಯೊಳಗೆ ಇನ್ನೊಂದರ ಅಡುಗೆಮನೆ!

ಸೊಸೆ ಈ ಸಲವೂ ಕೇಳಿದ್ದಾಳೆ. "ಬಿಲ್ಲಿನ ಸಾಲಿಗೆ ನೀವು ಉತ್ತರ ಬರೆಯಲೇ ಇಲ್ಲ ಅತ್ತೆ."

ಡಿಸೆಂಬರ್ ೯, ಮಂಗಳವಾರ

ಮೀನಂಗಡಿಯವನು ಬಂದಿದ್ದ. ಮಗ ಕರೆಸಿದ್ದಂತೆ, ನನಗೆ ಹೇಳಿರಲಿಲ್ಲ. ದಪ್ಪ ಮನುಷ್ಯ, ಬಾಗಿಲಲ್ಲೇ ನಗಲು ಶುರು ಮಾಡಿದ.

"ಏನಮ್ಮಾವ್ರೇ, ಸಮುದ್ರಕ್ಕೆ ಸ್ವೆಟರ್ ಹಾಕಿದ್ದೀರಾ?"

"ಚಳಿಗೆ ನಿಮಗೊಂದು ಬೇಕಾ? ಥರ್ಮೊಕೋಲ್ ಇನ್ನೂ ಉಳಿದಿದೆ. ನಿಮ್ಮ ಅಳತೆಗೆ ಸಾಲಲಿಕ್ಕಿಲ್ಲ."

ಅವನು ಇನ್ನೂ ಜೋರಾಗಿ ನಕ್ಕ. ಕೆಟ್ಟವನಲ್ಲ. ಗಾಜಿನ ಮುಂದೆ ಮಂಡಿಯೂರಿದ ಮೇಲೆ ನಗು ನಿಂತಿತು. ಬಹಳ ಹೊತ್ತು ನೇರಳೆ ಕವಲನ್ನು ನೋಡಿದ. ಅದರ ತುದಿತುದಿಗೂ ಈಗ ಎಳೆಯ ತಿಳಿನೇರಳೆ ಮೊನೆ ಬಂದಿದೆ, ಬೆಳೆಯುತ್ತಿರುವ ಗುರುತಂತೆ.

"ಅಮ್ಮಾ, ಈ ದೊಡ್ಡ ದೀಪ ಉರೀತಿರೋದು ಇವಳೊಬ್ಬಳಿಗೋಸ್ಕರ. ಉಳಿದವೆಲ್ಲ ಮಂದ ಬೆಳಕೇ ಸಾಕು ಅನ್ನೋರು. ಇವಳನ್ನ ನನಗೆ ಕೊಡಿ. ಬದಲಿಗೆ ಕಮ್ಮಿ ಕರೆಂಟಿನ ದೀಪ, ಸಣ್ಣ ಪಂಪು ಎರಡೂ ನಾನೇ ತಂದು ಕೂರಿಸ್ತೀನಿ. ಬಿಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ಮಿಕ್ಕೋರೆಲ್ಲ ಇಲ್ಲೇ ಆರಾಮಾಗಿರ್ತಾರೆ."

"ನಿಮ್ಮಲ್ಲಿ ಇದು ಬದುಕುತ್ತಾ?"

"ಬದುಕದೇ ಇರೋದನ್ನ ನಾನು ಕೇಳ್ತೀನಾ?"

ಬಿಲ್ಲು ಬರಲಿ, ಆಮೇಲೆ ಹೇಳ್ತೀವಿ ಎಂದು ಮಗ ಕಳಿಸಿಕೊಟ್ಟ.

ಡಿಸೆಂಬರ್ ೧೫, ಸೋಮವಾರ

ಬಿಲ್ಲು ಬಂತು. ಇಳಿದಿದೆ, ತುಂಬಾ ಇಳಿದಿದೆ. ಅರ್ಧಕ್ಕೆ ಬಂದಿಲ್ಲ.

ಮಗ ಕಾಗದ ತಿರುಗಿಸಿ ಹಿಂದೇನಾದರೂ ಇದೆಯೋ ಎಂಬಂತೆ ನೋಡಿದ. "ನೀನು ಬಿಸಿನೀರಿನ ಸ್ನಾನನೂ ಬಿಟ್ಟಿದ್ದೀಯ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ ಅಮ್ಮಾ?"

"ತಣ್ಣೀರು ಮೈಗೆ ಒಳ್ಳೇದು."

"ಈ ಚಳೀಲಿ?"

"ಮೀನುಗಳ ಮಾತು ನಿನ್ನತ್ರ, ನನ್ನ ಸ್ನಾನದ ಮಾತು ನನ್ನತ್ರ ಇರ್ಲಿ."

ಅವನು ನಗಲಿಲ್ಲ. ಗಾಜಿಗೆ ಬೆನ್ನು ಮಾಡಿ ಕೂತ. ಅವನು ಯಾವಾಗಲೂ ಬೆನ್ನು ಮಾಡಿಯೇ ಕೂರುತ್ತಾನೆಂದು ಇಂದು ಗಮನಕ್ಕೆ ಬಂತು. ಕೇಳಿದೆ.

"ಇದನ್ನ ನೋಡಿದ್ರೆ ಅವಳು ಮನೇಲಿಲ್ಲ ಅನ್ನೋದೇ ಕಾಣುತ್ತಮ್ಮಾ," ಅಂದ.

ಡಿಸೆಂಬರ್ ೧೮, ಗುರುವಾರ

ಉಪವಾಸ. ದೀಪಕ್ಕೂ ಉಪವಾಸ.

ಮಗ ಡಿಪೋದಿಂದ ಬಂದು ಕೈ ತೊಳೆಯುತ್ತಾ, ನನ್ನ ಮುಖ ನೋಡದೆ ಹೇಳಿದ. "ಸೋಮವಾರ ಅಂಗಡ್ಯೋನು ಬಂದು ನೇರಳೆ ಹವಳ ತಗೊಂಡು ಹೋಗ್ತಾನೆ. ಒಂದು ಹೋಗಿ ಎಲ್ಲಾ ಉಳಿಯುತ್ತೆ."

"ಅವಳಿಗೆ?"

"ಸತ್ತಿತು ಅಂತ ಹೇಳೋಣ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರು ಸತ್ತಿದ್ದು?"

"ಅಮ್ಮಾ, ಮಾರಿದೆ ಅಂದ್ರೆ ಅವಳು ದಿನಾ ಮಲಗಿದಲ್ಲೇ ಕೊರಗ್ತಾಳೆ. ಸತ್ತಿತು ಅಂದ್ರೆ ಒಂದು ದಿನ ಅಳ್ತಾಳೆ. ಯಾವುದು ವಾಸಿ? ಬರೆಯೋದು ನೀನೇ ಅಲ್ವಾ, ನೀನು ಬರೆದ್ರೆ ನಂಬ್ತಾಳೆ."

ಅದೇ ಚುಚ್ಚಿತು. ನಾನು ಬರೆದರೆ ನಂಬುತ್ತಾಳೆ.

"ನೋಡು," ಎಂದು ಅವನ ಒದ್ದೆ ಕೈ ಹಿಡಿದು ಎಳೆದುಕೊಂಡು ಹೋಗಿ ಗಾಜಿನ ಮುಂದೆ ನಿಲ್ಲಿಸಿದೆ. ಅವನು ಬಾಲ್ಯದಲ್ಲಿ ಹಠ ಮಾಡಿದಾಗ ಹೀಗೇ ಎಳೆಯುತ್ತಿದ್ದೆ. ಮಂದ ಬೆಳಕಿನಲ್ಲಿ ನೇರಳೆ ಕವಲಿನ ಮೈತುಂಬ ಸಣ್ಣ ಸಣ್ಣ ಬಾಯಿಗಳು ಅರಳಿದ್ದವು, ಮರಕ್ಕೆ ಮಂಜು ಕೂತ ಹಾಗೆ. ಹರಿಯುವ ನೀರಿಗೆ ಎಲ್ಲವೂ ಒಟ್ಟಿಗೆ ಬಾಗುತ್ತಿದ್ದವು.

"ಎದ್ದು ನಿಂತಿರೋ ಜೀವಾನ ಸತ್ತಿದೆ ಅಂತ ಈ ಬಾಯಲ್ಲಿ ಅನ್ನಿಸ್ಬೇಡ. ಬೇರೆ ಏನು ಬೇಕಾದ್ರೂ ಕೇಳು."

"ಹಾಗಾದ್ರೆ ಏನು ಮಾಡ್ಲಿ? ನೀನೇ ಹೇಳು!" ಅವನ ದನಿ ಏರಿತು. ಆದರೆ ಅವನು ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕುಕ್ಕರಗಾಲಲ್ಲಿ ಕೂತ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ.

"ಇಷ್ಟೊಂದು ಬಾಯಿ ಇದ್ವಾ ಇದಕ್ಕೆ?" ಅಂದ.

ಡಿಸೆಂಬರ್ ೨೧, ಭಾನುವಾರ

ಬೆಳಿಗ್ಗೆ ಬೇಗ ಎದ್ದು ಬರೆದೆ. ಪೂರ್ತಿ ಬರೆಯಲು ಎರಡು ಹಾಳೆ ಬೇಕಾಯಿತು. ಬರೆದದ್ದನ್ನು ನನಗೆ ನೆನಪಿರಲೆಂದು ಇಲ್ಲೂ ಇಡುತ್ತೇನೆ.

"ಮಗಳೇ, ಬಿಲ್ಲಿನ ಮಾತು ಬಂತಾ ಎಂದು ನೀನು ಕೇಳಿದ್ದೆ. ಬಂತು. ಮೊದಲ ದಿನವೇ ಬಂತು. ನಿನಗೆ ಹೇಳಬೇಡವೆಂದು ನಿನ್ನ ಗಂಡ ಅಂದ, ನಾನೂ ಸುಮ್ಮನಿದ್ದೆ. ಅರ್ಧ ಮಾಡಬೇಕೆಂದು ಹೊರಟೆವು, ಅರ್ಧಕ್ಕೆ ಸ್ವಲ್ಪ ಮೇಲೆ ನಿಂತಿದೆ. ಅಂಗಡಿಯವನು ನಿನ್ನ ನೇರಳೆ ಕವಲು ಕೇಳುತ್ತಿದ್ದಾನೆ. ಕೊಟ್ಟರೆ ಕಡಿಮೆ ಉರಿಯುವ ದೀಪ, ಪಂಪು ಕೊಡುತ್ತಾನೆ, ಮಿಕ್ಕವರೆಲ್ಲ ಉಳಿಯುತ್ತಾರೆ. ಅವನ ಕೈ ಒಳ್ಳೆಯದೆಂದು ನನಗೆ ಕಂಡಿತು. ಇಂದು ಬೆಳಿಗ್ಗೆ ಅದು ಚೆನ್ನಾಗಿದೆ. ತುದಿಗಳೆಲ್ಲ ಎಳೆಯವು, ಎಡಗಡೆಯ ಕವಲು ಇನ್ನೊಂದು ಕವಲು ಒಡೆಯುತ್ತಿದೆ. ಸಾಕಿದವಳು ನೀನು. ಕೊಡು ಅಂದರೆ ನಾನೇ ನನ್ನ ಕೈಯಾರ ನೀರಿನೊಳಗೇ ಎತ್ತಿ ಅವನ ಡಬ್ಬಿಗೆ ಇಳಿಸುತ್ತೇನೆ, ಗಾಳಿ ತಾಗಿಸುವುದಿಲ್ಲ. ಇಟ್ಟುಕೋ ಅಂದರೆ ದೊಡ್ಡ ದೀಪ ಉರಿಯಲಿ, ಉಳಿದದ್ದರಲ್ಲಿ ಇನ್ನೆಲ್ಲಿ ಕೈ ಬಿಗಿ ಮಾಡಬಹುದೆಂದು ನಾನೂ ನಿನ್ನ ಗಂಡನೂ ನೋಡುತ್ತೇವೆ. ನಾನು ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ನಿನಗೆ ಅಳು ಬಂದರೆ ಅಳು, ಆದರೆ ನಿಜಕ್ಕೇ ಅಳು."

ಮಗ ಶೂ ಹಾಕಿಕೊಳ್ಳುತ್ತಿದ್ದ. ಹಾಳೆಗಳನ್ನು ಮಡಚದೆ ಅವನ ಮುಂದೆ ಹಿಡಿದೆ. ಓದಿದ. ಒಂದು ಶೂ ಕಾಲಿಗೆ, ಒಂದು ಕೈಯಲ್ಲಿ. ಹೊರಗೆ ದರ್ಜಿಯಮ್ಮನ ಮೆಷಿನ್ನು ಕಟಕಟ ಶುರುವಾಗಿತ್ತು.

"ನಾನು ಸತ್ತಿತು ಅನ್ನೋಣ ಅಂದಿದ್ದು ಇದರಲ್ಲಿ ಇಲ್ಲ," ಅಂದ.

"ಅದು ನಿನ್ನ ಮಾತು. ಬರೆಯೋದಾದ್ರೆ ನೀನು ಬರೀಬೇಕು."

ಪೆನ್ನು ಕೇಳಿದ. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೆಳಗೆ ಉಳಿದಿದ್ದ ಜಾಗದಲ್ಲಿ ಏನೋ ಬರೆದ. ನಾನು ಅತ್ತ ತಿರುಗಿ ತೊಟ್ಟಿಗೆ ನೀರು ಹೊಯ್ದೆ. ಬರೆದು ಮುಗಿಸಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಹೊರಡುವ ಮುಂಚೆ ಗಾಜಿನ ಕಡೆ ಒಮ್ಮೆ ಬಾಗಿ ನೋಡಿದ.

ಬಾಗಿಲವರೆಗೆ ಹೋಗಿ ಹೇಳಿದೆ:

"ಅವಳು ಓದೋವರೆಗೂ ಪಕ್ಕದಲ್ಲೇ ಕೂತಿರು ಮಗಾ, ಅವಸರ ಮಾಡ್ಬೇಡ. ಸಂಜೆ ರೈಲು ತಪ್ಪಿದ್ರೂ ತಪ್ಪಲಿ. ಅವಳ ಕೈಬರಹದಲ್ಲೇ ನನಗೆ ಉತ್ತರ ಬೇಕು, ತಗೊಂಡು ಬಾ."